ಒಳಕಲ್ಲು ಕೊಚ್ಚಿಗೆ ಹೋಯಿತು



ಸಗಣಿ, ಕುಂಕುಮ, ಸೂಜಿ, ದಾರ, ತಲೆಕೂದಲು, ಊದುಬತ್ತಿಯ ಹಿಟ್ಟು, ಡಾಂಬರಿನ ಖಾಲಿ ಡ್ರಮ್ಮು, ಒಳಕಲ್ಲು. ಈ ಎಂಟು ಪದಾರ್ಥಗಳನ್ನು ಒಂದೇ ಚೀಟಿಯಲ್ಲಿ ಬರೆದು ನಿಮ್ಮ ಕೈಗೆ ಕೊಟ್ಟರೆ ಏನೆಂದುಕೊಳ್ಳುವಿರಿ? ಮೊದಲ ನಾಲ್ಕು ಹಬ್ಬದ ಮುಂಚಿನ ಸಾಮಾನು ಎನ್ನಬಹುದು. ಕೂದಲು ಕಂಡ ಕೂಡಲೇ ಮುಖ ಸಿಂಡರಿಸಬಹುದು. ಡಾಂಬರಿನ ಡ್ರಮ್ಮು ಬಂದಾಗ "ಇದ್ಯಾರೋ ತಲೆ ಕೆಟ್ಟವರ ಚೀಟಿ" ಎಂದು ಮಡಚಿ ಇಟ್ಟುಬಿಡಬಹುದು. ಆದರೆ ಇದು ನಮ್ಮ ಕನ್ನಡ ನಾಡಿನ ಹೆಣ್ಣುಮಗಳೊಬ್ಬರು ದೇಶವಿದೇಶಗಳಲ್ಲಿ ಹೆಸರು ತಂದುಕೊಟ್ಟ ಕಲಾಕೃತಿಗಳನ್ನು ಮಾಡಲು ಬಳಸಿದ ಸಾಮಗ್ರಿಗಳ ಪಟ್ಟಿ. ಅವರ ಹೆಸರು ಶೀಲಾ ಗೌಡ.

ಪ್ರತಿ ಸಲ ಈ ಪುಟದಲ್ಲಿ ಉಪ್ಪಿನಕಾಯಿ ಕೆಡದಂತೆ ಇಡುವುದು, ಮಕ್ಕಳ ಪರೀಕ್ಷೆ, ಅತ್ತೆ-ಸೊಸೆಯರ ಹೊಂದಾಣಿಕೆ ಅಂತೆಲ್ಲಾ ಬರೆಯುವ ಇವಳಿಗೆ ಕಲೆಯ ಉಸಾಬರಿ ಯಾಕೆ ಎಂದು ಕೇಳಬೇಡಿ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಚಿತ್ರಕಲೆ ಎಂದರೆ ನನಗೆ ಬಾಗಿಲ ಮುಂದಿನ ರಂಗೋಲಿಯೇ ಸರಿ. ಆದರೂ ಈ ಸಲದ ವಿಷಯ ನಮ್ಮ ಅಡುಗೆಮನೆಯಿಂದಲೇ ಹೊರಟು ಸಮುದ್ರದ ದಂಡೆಯವರೆಗೆ ಹೋದದ್ದು. ಆದ್ದರಿಂದ ನಮ್ಮದೇ ವಿಷಯ. ಸ್ವಲ್ಪ ತಾಳ್ಮೆಯಿಂದ ಓದಿ.

ಶೀಲಾ ಗೌಡ ಹುಟ್ಟಿದ್ದು 1957ರಲ್ಲಿ, ಕಬ್ಬಿಣದ ಕಾರ್ಖಾನೆಗೆ ಹೆಸರಾದ ಭದ್ರಾವತಿಯಲ್ಲಿ. ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಚಿತ್ರಕಲೆ ಕಲಿತು, ಆಮೇಲೆ ರವೀಂದ್ರನಾಥ ಠಾಕೂರರು ಕಟ್ಟಿದ ಶಾಂತಿನಿಕೇತನದಲ್ಲಿ ಓದಿ, 1986ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಎಂ.ಎ. ಮುಗಿಸಿದವರು. ಇಷ್ಟು ಓದಿ ಬಂದವರು ಬಣ್ಣ, ಕುಂಚ, ಕ್ಯಾನ್ವಾಸುಗಳಲ್ಲೇ ನೆಮ್ಮದಿಯಾಗಿ ಇರಬಹುದಾಗಿತ್ತು. ಮೊದಲು ಹಾಗೇ ಇದ್ದರು ಕೂಡ. ಆದರೆ 1992ರ ಡಿಸೆಂಬರಿನಲ್ಲಿ ಅಯೋಧ್ಯೆಯ ಘಟನೆ ನಡೆದು, ಮುಂಬಯಿಯಲ್ಲಿ ಗಲಭೆಯೆದ್ದು ನೂರಾರು ಜನ ಸತ್ತರಲ್ಲ, ಆ ಕಾಲದಲ್ಲಿ ಅವರಿಗೆ ಎಣ್ಣೆಬಣ್ಣದಿಂದ ಚಿತ್ರ ಬರೆಯುವುದು ಸಾಲದೆನಿಸಿತು. ಬಣ್ಣದ ಬದಲು ಸಗಣಿಯನ್ನು ಕೈಗೆತ್ತಿಕೊಂಡರು.

ಸಗಣಿಯೇ ಯಾಕೆ? ಯೋಚನೆ ಮಾಡಿ. ಅಂಗಳ ಸಾರಿಸುವುದಕ್ಕೆ ಸಗಣಿ, ಒಲೆಗೆ ಬೆರಣಿ, ಹಬ್ಬದ ದಿನ ಹೊಸ್ತಿಲ ಬಳಿ ಗರಿಕೆ ಸಿಕ್ಕಿಸಿದ ಸಗಣಿಯ ಬೆನಕ. ಒಂದೇ ಪದಾರ್ಥ ಬೆಳಿಗ್ಗೆ ದೇವರು, ಮಧ್ಯಾಹ್ನ ಸೌದೆ. ಅದನ್ನು ತಟ್ಟುವ ಕೈ ಮಾತ್ರ ಯಾವಾಗಲೂ ಹೆಂಗಸಿನದು. ಪೂಜ್ಯವೂ ಅದೇ, ಹೊಲಸೂ ಅದೇ. ಜನ ಧರ್ಮದ ಹೆಸರಿನಲ್ಲಿ ಒಬ್ಬರನ್ನೊಬ್ಬರು ಕಡಿಯುತ್ತಿದ್ದಾಗ, ಯಾರಿಗೂ ಗಾಯ ಮಾಡದ, ಮನೆಯ ನೆಲಕ್ಕೆ ತಂಪು ಕೊಡುವ ಈ ಪದಾರ್ಥ ಅವರಿಗೆ ಮಾತನಾಡುವ ಭಾಷೆಯಾಯಿತು. 1996ರ ಒಂದು ಕೃತಿಯಲ್ಲಿ ಸಗಣಿಯನ್ನು ಇಟ್ಟಿಗೆಯ ಹಾಗೆ ಮಾಡಿ ಎರಡು ಸಾಲಾಗಿ ನೆಲದ ಮೇಲೆ ಜೋಡಿಸಿ, ನಡುವೆ ಗಾರೆಯ ಬದಲು ಕುಂಕುಮದ ಕೆಂಪು ತುಂಬಿದ್ದಾರೆ. ಗೋಡೆ ಕಟ್ಟುವುದೋ, ಗಾಯ ಹೊಲಿಯುವುದೋ, ನೋಡಿದವರೇ ಹೇಳಬೇಕು.

ಇಂಥ ಕೆಲಸಕ್ಕೆ ಇಂಗ್ಲಿಷಿನಲ್ಲಿ ಇನ್‌ಸ್ಟಲೇಶನ್ ಅನ್ನುತ್ತಾರೆ, ಕನ್ನಡದಲ್ಲಿ ಪ್ರತಿಷ್ಠಾಪನಾ ಕಲೆ. ಹೆದರಬೇಡಿ, ದೊಡ್ಡ ಹೆಸರು ಅಷ್ಟೆ. ಗೋಡೆಗೆ ಮೊಳೆ ಹೊಡೆದು ನೇತುಹಾಕುವ ಚಿತ್ರವಲ್ಲ, ಪೀಠದ ಮೇಲೆ ನಿಲ್ಲಿಸುವ ವಿಗ್ರಹವೂ ಅಲ್ಲ. ಒಂದು ಜಾಗವನ್ನೇ ಸಾಮಾನುಗಳಿಂದ ಅಣಿಮಾಡಿ, ನೋಡಲು ಬಂದವರು ಅದರ ಸುತ್ತ, ಕೆಲವು ಸಲ ಅದರ ಒಳಗೇ ಓಡಾಡುವಂತೆ ಮಾಡುವುದು. ನಾವು ನವರಾತ್ರಿಗೆ ಗೊಂಬೆ ಕೂರಿಸುವುದಿಲ್ಲವೆ? ಪಟ್ಟದ ಗೊಂಬೆ, ಚೆಟ್ಟಿಯಾರ್ ದಂಪತಿ, ರಾಗಿ ಪೈರಿನ ತೋಟ, ಕನ್ನಡಿಯ ಕೆರೆ. ಬಿಡಿಬಿಡಿಯಾಗಿ ನೋಡಿದರೆ ಆಟದ ಸಾಮಾನು, ಒಟ್ಟಾಗಿ ಜೋಡಿಸಿದರೆ ಒಂದು ಲೋಕ. ಒಂಬತ್ತು ದಿನ ಕಳೆದ ಮೇಲೆ ಬಿಚ್ಚಿ ಪೆಟ್ಟಿಗೆಗೆ. ಪ್ರತಿಷ್ಠಾಪನಾ ಕಲೆಯೂ ಬಹುಮಟ್ಟಿಗೆ ಹಾಗೆಯೇ.

ಇವರ ಹೆಸರಾಂತ ಕೃತಿಯೊಂದಿದೆ. "ನನ್ನ ನೋವನ್ನು ಅವನಿಗೆ ಹೇಳು" ಎಂಬರ್ಥದ ಹೆಸರು ಅದಕ್ಕೆ. 1998ರಲ್ಲಿ ಮೊದಲು ಮಾಡಿದ್ದು. ಹೊಲಿಗೆಯ ಮಾಮೂಲು ದಾರವನ್ನು ಸೂಜಿಯ ಕಣ್ಣಿನಲ್ಲಿ ಪೋಣಿಸಿ, ಆ ಉದ್ದನೆಯ ದಾರವನ್ನೆಲ್ಲಾ ಆ ಸಣ್ಣ ಕಣ್ಣಿನೊಳಗಿಂದಲೇ ಎಳೆದು, ಹೀಗೆ ಒಂದಲ್ಲ ಎರಡಲ್ಲ, ಬಹಳ ಎಳೆಗಳನ್ನು ಒಟ್ಟುಗೂಡಿಸಿ, ಕುಂಕುಮ ಮತ್ತು ಅಂಟು ಬಳಿದು ಹುರಿ ಮಾಡಿದ್ದಾರೆ. ಆ ಕೆಂಪು ಹಗ್ಗ ಗೋಡೆಯ ಮೇಲೆ, ನೆಲದ ಮೇಲೆ ಬಳ್ಳಿಯ ಹಾಗೆ, ಕರುಳಿನ ಹಾಗೆ, ಹೊಕ್ಕುಳಬಳ್ಳಿಯ ಹಾಗೆ ಹರಿದಾಡುತ್ತದೆ. ಕೊನೆಯಲ್ಲಿ ಸೂಜಿಗಳೆಲ್ಲಾ ಗೊಂಚಲಾಗಿ ನೇತಾಡುತ್ತವೆ. ಒಂದು ಗುಂಡಿ ಹಾಕಲು ಸೂಜಿಗೆ ದಾರ ಪೋಣಿಸುವಾಗಲೇ ನಾಲಿಗೆಯಲ್ಲಿ ಒದ್ದೆ ಮಾಡಿ ಕಣ್ಣು ಕಿರಿದು ಮಾಡುವ ನಮಗೆ ಆ ಕೆಲಸದ ಕಷ್ಟ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಬೆರಳಿಗೆ ಸೂಜಿ ಚುಚ್ಚಿದಾಗ ಬರುವ ರಕ್ತದ ಹನಿಯ ಬಣ್ಣವೂ ಗೊತ್ತು.

ಇನ್ನು ಕೂದಲಿನ ವಿಷಯ. ಬೆಂಗಳೂರಿನ ಲಾರಿ, ಟೆಂಪೊ, ಕಾರುಗಳ ಮುಂದುಗಡೆ ಬಂಪರಿಗೆ ಕರೀ ಹಗ್ಗ ಸುತ್ತಿರುವುದನ್ನು ನೀವು ನೋಡಿರಬಹುದು. ದೃಷ್ಟಿ ತಾಗದಿರಲಿ ಅಂತ ಕಟ್ಟುವ ಆ ಹಗ್ಗ ಮನುಷ್ಯರ ತಲೆಕೂದಲಿನದು. ದೇವಸ್ಥಾನಗಳಲ್ಲಿ ಮುಡಿ ಕೊಟ್ಟ ಕೂದಲಿನಲ್ಲಿ ಉದ್ದನೆಯದು ಚೌರಿ, ಟೋಪನ್ನುಗಳ ವ್ಯಾಪಾರಕ್ಕೆ ಹೋಗುತ್ತದೆ. ಉಳಿದ ಗಿಡ್ಡ ಕೂದಲನ್ನು ಹೊಸೆದು ಹಗ್ಗ ಮಾಡುತ್ತಾರೆ. 2009ರಲ್ಲಿ ಇಟಲಿಯ ವೆನಿಸ್ ನಗರದ ದೊಡ್ಡ ಕಲಾಮೇಳಕ್ಕೆ ಶೀಲಾ ಗೌಡ ಕೊಂಡೊಯ್ದದ್ದು ಇದನ್ನೇ. ಸುಮಾರು 4,000 ಮೀಟರ್ ಕೂದಲ ಹಗ್ಗ ಮತ್ತು ಸುಮಾರು 20 ಉಕ್ಕಿನ ಬಂಪರುಗಳು. ನಾಲ್ಕು ಕಿಲೋಮೀಟರ್ ಹಗ್ಗವೆಂದರೆ ನಮ್ಮ ತಣಿಸಂದ್ರದಿಂದ ಹೊರಟು ನಾಗವಾರ ದಾಟುವಷ್ಟು ಉದ್ದ! ಭಾರದ ಬಂಪರುಗಳನ್ನು ಆ ಹಗ್ಗವೇ ಹೊತ್ತು ಗೋಡೆಗೆ ತೂಗುಹಾಕಿದೆ. ಯಾರದೋ ಮಗುವಿನ ಜ್ವರ ಇಳಿಯಲೆಂದು, ಯಾರದೋ ಮಗಳ ಮದುವೆಯಾಗಲೆಂದು ಹರಕೆ ಹೊತ್ತು ಕೊಟ್ಟ ಕೂದಲು ಅಷ್ಟು ಉಕ್ಕನ್ನು ಎತ್ತಿ ಹಿಡಿದಿದೆ. ಈ ಕೃತಿ ಈಗ ಲಂಡನ್ನಿನ ಟೇಟ್ ಸಂಗ್ರಹಾಲಯಕ್ಕೆ ಸೇರಿದೆ.

2006ರಲ್ಲಿ ಡಾಂಬರಿನ ಡ್ರಮ್ಮುಗಳಿಂದ ಒಂದು ಕೋಣೆ ಮಾಡಿದರು. ರಸ್ತೆ ಕೆಲಸಕ್ಕೆ ಬಂದವರು ಖಾಲಿ ಡ್ರಮ್ಮುಗಳನ್ನು ಚಪ್ಪಟೆ ಬಡಿದು ಗುಡಿಸಲು ಕಟ್ಟಿಕೊಳ್ಳುತ್ತಿದ್ದುದನ್ನು ನಮ್ಮ ವಯಸ್ಸಿನವರೆಲ್ಲಾ ನೋಡಿದ್ದೇವೆ. ಶೀಲಾ ಗೌಡರು ಮುಂಭಾಗದಲ್ಲಿ ಡ್ರಮ್ಮಿನ ಮೇಲೆ ಡ್ರಮ್ಮು ಪೇರಿಸಿ ಅರಮನೆಯ ಕಂಬಗಳ ಹಾಗೆ ನಿಲ್ಲಿಸಿದ್ದಾರೆ. ಆದರೆ ಒಳಗೆ ಹೋಗಬೇಕಾದರೆ ಬಗ್ಗಿಯೇ ಹೋಗಬೇಕು. ಕತ್ತಲಲ್ಲಿ ತಲೆಯೆತ್ತಿದರೆ ತಗಡಿನ ಚಾವಣಿಗೆ ಕೊರೆದ ಸಣ್ಣ ಸಣ್ಣ ತೂತುಗಳಿಂದ ಬೆಳಕು ನಕ್ಷತ್ರದ ಹಾಗೆ ಕಾಣುತ್ತದೆ. ಮರುವರ್ಷ, 2007ರಲ್ಲಿ, ಜರ್ಮನಿಯ ಕಾಸೆಲ್ ಎಂಬ ಊರಿನ ಡಾಕ್ಯುಮೆಂಟಾ ಎಂಬ ಮೇಳದಲ್ಲಿ ಊದುಬತ್ತಿಯ ಹಿಟ್ಟನ್ನು ನಾದಿ, ಜಾಲರಿಯ ಚೌಕಟ್ಟುಗಳ ಮೇಲೆ ಹರಡಿ, ಕಿಡಿ ಹಚ್ಚಿ ಉರಿಸಿದರು. ಉಳಿದದ್ದು ಬೂದಿಯ ಆಕಾರಗಳು. ಬೆಂಗಳೂರಿನ ಸುತ್ತಮುತ್ತ ಊದುಬತ್ತಿ ಹೊಸೆದು ಮನೆ ನಡೆಸಿದ ಹೆಣ್ಣುಮಕ್ಕಳು ಅದೆಷ್ಟೋ. ಅವರ ಅಂಗೈಯ ಕಪ್ಪು ತೊಳೆದರೂ ಹೋಗುವುದಿಲ್ಲ. ಸುವಾಸನೆ ದೇವರಿಗೆ, ಮಸಿ ಅವರಿಗೆ.

ಈಗ ಒಳಕಲ್ಲಿಗೆ ಬರೋಣ.

ಕೇರಳದ ಕೊಚ್ಚಿಯಲ್ಲಿ 2012ರ ಡಿಸೆಂಬರ್ 12ರಂದು ನಮ್ಮ ದೇಶದ ಮೊದಲ ಬಿಯೆನಾಲೆ ಎಂಬ ಕಲಾಮೇಳ ಆರಂಭವಾಯಿತು. ಎರಡು ವರ್ಷಕ್ಕೊಮ್ಮೆ ನಡೆಯುವುದರಿಂದ ಆ ಹೆಸರು. ಶೀಲಾ ಗೌಡರೂ ಸ್ವಿಟ್ಜರ್ಲೆಂಡ್ ಮೂಲದ ಕಲಾವಿದ ಕ್ರಿಸ್ಟೋಫ್ ಸ್ಟೋರ್ಜ್ ಅವರೂ ಸೇರಿ ಆ ಮೇಳಕ್ಕೆ ಕೊಂಡೊಯ್ದದ್ದು 170 ಒಳಕಲ್ಲುಗಳನ್ನು! ಗ್ರಂಥದಲ್ಲಿ ಒರಳುಕಲ್ಲು, ನಮ್ಮ ಬಾಯಲ್ಲಿ ಒಳಕಲ್ಲು. ಬೆಂಗಳೂರಿನಲ್ಲಿ ಜನ ಬೇಡವೆಂದು ಬೀದಿಗಿಟ್ಟ ಕಲ್ಲುಗಳು. ಅವನ್ನು ಸಾಗಿಸಿ, ಕೊಚ್ಚಿ ಕೋಟೆಯ ಬಳಿ ನೀರಿನ ಅಂಚಿಗೇ ಇರುವ ಆಸ್ಪಿನ್‌ವಾಲ್ ಹೌಸ್ ಎಂಬ ಹಳೇ ವ್ಯಾಪಾರದ ಕಟ್ಟಡದಲ್ಲಿ ಜೋಡಿಸಿದರು. ಒಂದು ಕಾಲದಲ್ಲಿ ಮೆಣಸು, ಶುಂಠಿ, ಏಲಕ್ಕಿ ಹಡಗು ಹತ್ತುತ್ತಿದ್ದ ಊರು ಅದು. ಮಸಾಲೆ ಅರೆಯುತ್ತಿದ್ದ ಕಲ್ಲು ಮಸಾಲೆಯ ರೇವಿಗೇ ಬಂದು ಕೂತಿತು. ಕೃತಿಯ ಹೆಸರಿನ ಅರ್ಥ, ನಡುದಾರಿಯಲ್ಲಿ ಸ್ವಲ್ಪ ಹೊತ್ತು ತಂಗುವುದು.

ಈ ಕಲ್ಲುಗಳು ಬೀದಿಗೆ ಬಂದದ್ದು ಯಾಕೆಂದು ನಮಗಿಂತ ಚೆನ್ನಾಗಿ ಯಾರು ಬಲ್ಲರು? ಮಿಕ್ಸಿ ಬಂತು, ಕೊಯಮತ್ತೂರಿನ ಗ್ರೈಂಡರು ಬಂತು. ಹಳೇ ಮನೆ ಕೆಡವಿ ಮಹಡಿ ಕಟ್ಟುವಾಗ ಅಡುಗೆಮನೆಯ ನೆಲದಲ್ಲಿ ಹೂತಿದ್ದ ಕಲ್ಲು ಎದ್ದು ಹೊರಗೆ ಬಂತು. ಕಟ್ಟೆಯ ಮೇಲಿನ ಹೊಸ ಅಡುಗೆಮನೆಯಲ್ಲಿ ನೆಲಕ್ಕೆ ಕೂತು ರುಬ್ಬಲು ಜಾಗವಿಲ್ಲ. ಹಾಗೆಂದು ಅದನ್ನು ಒಡೆಯಲು ಮನಸ್ಸು ಒಪ್ಪುವುದಿಲ್ಲ. ಮದುವೆಯಲ್ಲಿ ಒರಳು-ಒನಕೆಗೆ ಅರಿಶಿನ ಕುಂಕುಮ ಇಟ್ಟು ಪೂಜಿಸುತ್ತೇವೆ. ನಾಮಕರಣದ ದಿನ ಗುಂಡುಕಲ್ಲಿಗೆ ಎಣ್ಣೆ ನೀರು ಮಾಡಿ, ಬಟ್ಟೆ ಸುತ್ತಿ, ಮಗುವಿಗಿಂತ ಮೊದಲು ತೊಟ್ಟಿಲಿಗೆ ಹಾಕುತ್ತೇವೆ. ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಕೂಸು ಅಂತ. ಮನೆಯ ಲಕ್ಷ್ಮಿ ಅಂದವರು ಸುತ್ತಿಗೆಯಲ್ಲಿ ಹೊಡೆದಾರೆಯೆ? ಮಾರಲೂ ಹಿಂಜರಿಕೆ. ಕೊನೆಗೆ ರಾತ್ರಿ ಹೊತ್ತು ಅರಳಿಕಟ್ಟೆಯ ಪಕ್ಕವೋ, ಖಾಲಿ ಸೈಟಿನ ಮೂಲೆಯೋ. ನಮ್ಮ ತಣಿಸಂದ್ರದಲ್ಲೇ ಒಂದು ಸುತ್ತು ಹೊಡೆದರೆ ಸಿಕ್ಕಾವು. ರಾಗಿ ಹೊಲಗಳಿದ್ದ ಕಡೆ ಅಪಾರ್ಟ್‌ಮೆಂಟುಗಳು ಎದ್ದ ಹಾಗೆಲ್ಲಾ ಇಂಥ ಕಲ್ಲುಗಳು ರಸ್ತೆ ಬದಿಗೆ ಬಂದು ಮಳೆನೀರು ತುಂಬಿಕೊಂಡು ಕೂತವು. ನಾವೂ ನೀವೂ ಅವುಗಳ ಪಕ್ಕವೇ ಹಾಲಿನ ಪಾಕೀಟು ಹಿಡಿದು ದಿನಾ ನಡೆದು ಹೋದೆವು.

ನಮ್ಮ ಮಹಡಿ ಮೇಲೆ ಬಾಡಿಗೆಗಿರುವವರ ಮಗಳು ಕಲಾಶಾಲೆಗೆ ಹೋಗುತ್ತಾಳೆ. ಅವಳು ಮೊಬೈಲಿನಲ್ಲಿ ಈ ಚಿತ್ರಗಳನ್ನೆಲ್ಲಾ ತೋರಿಸಿ ವಿವರ ಹೇಳಿದ್ದನ್ನು ನಾನು ನಮ್ಮ ಶುಕ್ರವಾರದ ಭಜನೆ ಮುಗಿದ ಮೇಲೆ ಸೇರಿದ್ದವರಿಗೆ ಹೇಳಿದೆ. ದೊಡ್ಡ ಗಲಾಟೆಯೇ ಆಯಿತು.

"ಇದೇನ್ರೀ ಕಲೆ? ಸಗಣಿ ತಟ್ಟೋದು, ಕಲ್ಲು ಜೋಡಿಸೋದು ಕಲೆ ಆದ್ರೆ ನಮ್ಮಮ್ಮ ದೊಡ್ಡ ಕಲಾವಿದೆ!" ಎಂದರು ಒಬ್ಬರು. ಎಲ್ಲರೂ ನಕ್ಕರು. ಆದರೆ ನನಗೆ ಅದು ನಗುವ ಮಾತು ಅನ್ನಿಸಲಿಲ್ಲ. ಅವರು ತಮಾಷೆಗೆ ಹೇಳಿದ ಮಾತನ್ನೇ ಶೀಲಾ ಗೌಡರು ನಿಜವಾಗಿ ಹೇಳುತ್ತಿದ್ದಾರೋ ಏನೋ. ನಮ್ಮಮ್ಮನ ಕೈಕೆಲಸಕ್ಕೆ ಎದುರು ನಿಂತು ಯಾರಾದರೂ ಹತ್ತು ನಿಮಿಷ ನೋಡಿದ್ದುಂಟೆ? ಊಟಕ್ಕೆ ಕೂತಾಗ ಚಟ್ನಿಗೆ ಉಪ್ಪು ಕಡಿಮೆ ಎಂದವರುಂಟು. ರುಬ್ಬಿದ ಕೈಯನ್ನು ನೋಡಿದವರಿಲ್ಲ. ದಿನಾ ನೋಡುವುದು ಕಣ್ಣಿಗೆ ಬೀಳುವುದಿಲ್ಲ. ಅದನ್ನು ಎತ್ತಿ ಬೇರೆ ಕಡೆ ಇಟ್ಟಾಗ ಮಾತ್ರ ಬೀಳುತ್ತದೆ. ಆ ಎತ್ತಿ ಇಡುವುದೇ ಇವರ ಕಲೆ ಎಂದು ನನ್ನ ಅಲ್ಪ ಬುದ್ಧಿಗೆ ತೋರಿದ್ದು.

ಇನ್ನೊಬ್ಬರು ಸ್ವಲ್ಪ ಕಟುವಾಗಿಯೇ ಕೇಳಿದರು: "ಬೆವರು ನಮ್ಮದು, ಹೆಸರು ಅವರದಾ? ಊದುಬತ್ತಿ ಹೊಸೆದವಳಿಗೆ ದಿನಕ್ಕೆಷ್ಟು ಸಿಕ್ಕಿತು? ಮ್ಯೂಸಿಯಮ್ಮಿನವರು ಎಷ್ಟು ಕೊಟ್ಟರು?" ಇದಕ್ಕೆ ಯಾರೂ ನಗಲಿಲ್ಲ. ಮಾತಿನಲ್ಲಿ ಹುರುಳಿದೆ. 2019ರಲ್ಲಿ ಶೀಲಾ ಗೌಡರಿಗೆ ಮಾರಿಯಾ ಲಾಸ್ನಿಗ್ ಪ್ರಶಸ್ತಿ ಬಂತು. ಮಾರಿಯಾ ಲಾಸ್ನಿಗ್ ಆಸ್ಟ್ರಿಯಾ ದೇಶದ ಹೆಸರಾಂತ ಚಿತ್ರಕಾರ್ತಿ. ಅವರ ನೆನಪಿನ ಪ್ರಶಸ್ತಿ ಅದು. ಅದರ ಜೊತೆಗೆ 2020ರಲ್ಲಿ ಜರ್ಮನಿಯ ಮ್ಯೂನಿಕ್ಕಿನಲ್ಲಿ ದೊಡ್ಡ ಪ್ರದರ್ಶನವಾಯಿತು. ಅದಕ್ಕೆ ಮುಂಚೆ 2019ರಲ್ಲೇ ಇಟಲಿಯ ಮಿಲಾನಿನಲ್ಲಿ. ಇವೆಲ್ಲಾ ಸಂತೋಷದ ವಿಷಯ. ಆದರೆ ಇದರಿಂದ ನಮ್ಮ ಬೀದಿಯ ಊದುಬತ್ತಿಯವಳ ಕೂಲಿ ಒಂದು ರೂಪಾಯಿಯೂ ಹೆಚ್ಚಾಗಲಿಲ್ಲ. ಕಲೆ ಕೂಲಿ ಹೆಚ್ಚಿಸುವುದಿಲ್ಲ, ಅದು ಸಂಘ, ಸರ್ಕಾರ, ಯಜಮಾನರು ಮಾಡಬೇಕಾದ ಕೆಲಸ. ಕಲೆ ಮಾಡುವುದು ಬೇರೆ. ಕೂಲಿ ಎಷ್ಟು ಎಂದು ಕೇಳುವ ಪ್ರಶ್ನೆಯನ್ನೇ ಆ ದಿನ ನಮ್ಮ ಭಜನೆಯ ಚಾಪೆಯ ಮೇಲೆ ತಂದಿಟ್ಟಿತಲ್ಲ, ಅಷ್ಟು. ಹನ್ನೆರಡು ವರ್ಷದಿಂದ ಒಟ್ಟಿಗೆ ಭಜನೆ ಮಾಡುತ್ತಿದ್ದೇವೆ, ಆ ಪ್ರಶ್ನೆ ಅದುವರೆಗೆ ಯಾರ ಬಾಯಲ್ಲೂ ಬಂದಿರಲಿಲ್ಲ.

ಇದೇ ಹೊತ್ತಿಗೆ ನಮ್ಮ ಮನೆಯಲ್ಲೂ ಒಂದು ಒಳಕಲ್ಲಿನ ಪ್ರಶ್ನೆ ಎದ್ದಿತ್ತು. ಹೇಳಿಬಿಡುತ್ತೇನೆ, ನಿಮ್ಮಲ್ಲಿ ಹಲವರ ಮನೆಯ ಕಥೆಯೂ ಇದೇ ಇರಬಹುದು.

ನಮ್ಮ ಅತ್ತೆಯವರಿದ್ದ ಹಳೇ ಹೆಂಚಿನ ಮನೆಯನ್ನು ಕೆಡವುವುದೆಂದು ಅಣ್ಣತಮ್ಮಂದಿರು ತೀರ್ಮಾನಿಸಿದರು. ಪಾಲುಪಟ್ಟಿ ಆಯಿತು. ಎಷ್ಟು ಅಡಿ ಜಾಗ ಯಾರಿಗೆ, ತೇಗದ ಬಾಗಿಲು ಯಾರಿಗೆ, ತೊಲೆಗಳು ಯಾರಿಗೆ, ಹಂಡೆ ಕೊಳದಪ್ಪಲೆ ಯಾರಿಗೆ, ಎಲ್ಲಾ ಬರೆದರು. ಅಡುಗೆಮನೆಯ ಒಳಕಲ್ಲು ಮಾತ್ರ ಯಾರ ಪಾಲಿನಲ್ಲೂ ಇರಲಿಲ್ಲ. ನಮ್ಮ ಭಾವನವರು "ಅದನ್ನ ಅರಳಿಕಟ್ಟೆ ಹತ್ರ ಇಟ್ಟರಾಯ್ತು" ಅಂದರು. ನಮ್ಮ ಯಜಮಾನರೂ ತಲೆಯಾಡಿಸಿದರು. ನಾನು ವಾರಗಿತ್ತಿಯ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು.

ಅತ್ತೆಗೆ ಆ ಕಲ್ಲಿನ ಮೇಲೆ ಬಹಳ ಮಮತೆ ಇರಬೇಕು, ಬೇಜಾರು ಮಾಡಿಕೊಂಡಾರು ಎಂದುಕೊಂಡು ಅವರ ಬಳಿ ಕೂತು ಕೊಚ್ಚಿಯ ಕಥೆ ಹೇಳಿದೆ. ಅವರು ನಕ್ಕುಬಿಟ್ಟರು.

"ಆ ಕಲ್ಲಿನ ಮುಂದೆ ಕೂತೂ ಕೂತೂ ನನ್ನ ಸೊಂಟ ಬಿದ್ದೋಯ್ತು ಕಣವ್ವ. ಮಿಕ್ಸಿ ಬಂದ ದಿನ ನಾನು ತುಪ್ಪದ ದೀಪ ಹಚ್ಚಿದೀನಿ. ಅದೇನು ಚೆಂದ ಅಂತ ಅಷ್ಟು ದೂರ ಹೊತ್ಕೊಂಡು ಹೋದರೋ!"

ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕೇಳಿದರು: "ನೂರಾ ಎಪ್ಪತ್ತು ಕಲ್ಲು ಅಂದೆಯಲ್ಲ, ಯಾವ್ಯಾವುದು ಯಾರ್ಯಾರ ಮನೇದು ಅಂತ ಬರೆದಿದ್ರಾ?"

"ಬೀದೀಲಿ ಬಿದ್ದ ಕಲ್ಲಿಗೆ ಹೆಸರೆಲ್ಲಿ ಬರುತ್ತೆ ಅತ್ತೆ?" ಎಂದೆ.

"ಅದೇ ಮತ್ತೆ. ರುಬ್ಬಿದವಳಿಗೇ ಹೆಸರಿರಲಿಲ್ಲ, ಇನ್ನು ಕಲ್ಲಿಗೆಲ್ಲಿ?" ಎಂದು ಎದ್ದು ಹೋದರು.

ಸೋದರಿಯರೆ, ಅವತ್ತು ರಾತ್ರಿ ನಾನು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಒಂದು ಲೆಕ್ಕ ಹಾಕಿದೆ. ಅತ್ತೆ ಈ ಮನೆಗೆ ಸೊಸೆಯಾಗಿ ಬಂದದ್ದು 1964ರಲ್ಲಿ, ಹದಿನೇಳು ವಯಸ್ಸಿಗೆ. ಮಿಕ್ಸಿ ಬಂದದ್ದು 1989ರಲ್ಲಿ. ನಡುವೆ 25 ವರ್ಷ. ಹತ್ತೊಂಬತ್ತು ಜನರ ಮನೆ. ಬೆಳಿಗ್ಗೆ ಸಾರಿಗೆ ಖಾರ, ರಾತ್ರಿ ಮತ್ತೆ ಖಾರ, ರೊಟ್ಟಿಗೆ ಚಟ್ನಿ, ಹಬ್ಬಕ್ಕೆ ಒಬ್ಬಟ್ಟಿನ ಹೂರಣ, ಆಗಾಗ ಇಡ್ಲಿಯ ಹಿಟ್ಟು. ದಿನಕ್ಕೆ ಒಂದೂವರೆ ಗಂಟೆ ಎಂದರೂ ಕಡಿಮೆಯೇ. 25 ವರ್ಷಕ್ಕೆ 9,125 ದಿನ, ಹದಿಮೂರು ಸಾವಿರದ ಆರುನೂರು ಗಂಟೆಗೂ ಮೇಲೆ. ಕಾರ್ಖಾನೆಯವರ ಹಾಗೆ ದಿನಕ್ಕೆ ಎಂಟು ಗಂಟೆಯಂತೆ ಹಂಚಿದರೆ, ಒಂದು ಭಾನುವಾರವೂ ರಜೆಯಿಲ್ಲದೆ ನಾಲ್ಕು ವರ್ಷ ಎಂಟು ತಿಂಗಳು. ಇದು ಬರೀ ರುಬ್ಬಿದ್ದು. ನೀರು ಸೇದಿದ್ದು, ಬೀಸಿದ್ದು, ಹೊಲದಲ್ಲಿ ಕಳೆ ಕಿತ್ತದ್ದು, ಐದು ಮಕ್ಕಳನ್ನು ಹೆತ್ತದ್ದು ಬೇರೆ. ಪಾಲುಪಟ್ಟಿಯಲ್ಲಿ ಇದ್ಯಾವುದಕ್ಕೂ ಒಂದು ಸಾಲಿಲ್ಲ.

ಆ ಹಾಳೆಯನ್ನು ಯಜಮಾನರಿಗೆ ತೋರಿಸಿದೆ. ಅವರು ಎರಡು ಸಲ ಕೂಡಿ ಗುಣಿಸಿ ನೋಡಿದರು. ತಪ್ಪು ಸಿಗಲಿಲ್ಲ. ಮಾರನೇ ದಿನ ಅವರೇ ಹೋಗಿ ಅವರಣ್ಣನಿಗೆ ತೋರಿಸಿದರಂತೆ. ಆಮೇಲೆ ಅರಳಿಕಟ್ಟೆಯ ಮಾತು ನಿಂತಿತು. ಅಷ್ಟೇ ಅಲ್ಲ, ಹೊಸ ಕಟ್ಟಡದಲ್ಲಿ ಒಂದು ಬಾಡಿಗೆ ಮನೆಯ ಬಾಡಿಗೆ ಪ್ರತಿ ತಿಂಗಳೂ ಅತ್ತೆಯ ಹೆಸರಿನ ಬ್ಯಾಂಕ್ ಖಾತೆಗೆ ಹೋಗಬೇಕೆಂದು ಬರವಣಿಗೆಯಲ್ಲಿ ಒಪ್ಪಂದವಾಯಿತು. ಇದಕ್ಕೆ ಮೊದಲು ಒಪ್ಪಿದವರು ನನ್ನ ವಾರಗಿತ್ತಿ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಕಲ್ಲನ್ನು ಏನು ಮಾಡಬೇಕೆಂಬುದನ್ನು ಅತ್ತೆಯೇ ಹೇಳಿದರು. ಗುಂಡು, ಮುಂದೆ ಹುಟ್ಟುವ ಮರಿಮಕ್ಕಳ ತೊಟ್ಟಿಲ ಶಾಸ್ತ್ರಕ್ಕೆ. ಒಳಕಲ್ಲು, ಗೇಟಿನ ಒಳಗೆ ತುಳಸಿಯ ಪಕ್ಕ, ಹಕ್ಕಿಗೆ ನೀರಿಡಲು. "ಇನ್ನು ಅದು ನೀರು ಹಿಡ್ಕೊಂಡು ಸುಮ್ಮನೆ ಕೂರಲಿ, ಅದೂ ಸಾಕಷ್ಟು ತಿರುಗಿದೆ" ಎಂದರು.

ಹಾಗಾದರೆ ಮತ್ತೆ ಒಳಕಲ್ಲಿಗೆ ಹೋಗೋಣವೆ? ಬೇಡವೇ ಬೇಡ. "ಹಿಂದಿನ ಕಾಲವೇ ಚೆನ್ನ, ಕಲ್ಲಿನಲ್ಲಿ ರುಬ್ಬಿದ ರುಚಿಯೇ ರುಚಿ" ಎಂದು ಹಾಡುವವರು ಸಾಮಾನ್ಯವಾಗಿ ರುಬ್ಬಿದವರಲ್ಲ, ತಿಂದವರು. ಕೊಚ್ಚಿಯ ಆ 170 ಕಲ್ಲುಗಳು ನಮ್ಮನ್ನು ವಾಪಸು ಕರೆಯುತ್ತಿಲ್ಲ. ಮರೆಯಬೇಡಿ ಅನ್ನುತ್ತಿವೆ, ಎಣಿಸಿ ನೋಡಿ ಅನ್ನುತ್ತಿವೆ. ಮಿಕ್ಸಿಯಿಂದ ಉಳಿದ ಹೊತ್ತು ಯಾರ ಪಾಲಿಗೆ ಹೋಯಿತು ಎಂದೂ ಕೇಳುತ್ತಿವೆ. ಆ ಒಂದೂವರೆ ಗಂಟೆ ನಮ್ಮ ಕೈಗೆ ಬಂತೆ, ಇಲ್ಲ ಇನ್ನೊಂದು ಕೆಲಸ ಬಂದು ತುಂಬಿಕೊಂಡಿತೆ? ನೀವೇ ಯೋಚಿಸಿ.

ಇನ್ನು ಕೆಲವು ಉಪಯುಕ್ತ ಮಾತು.

ಇಂಥ ಕಲೆಯನ್ನು ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಿದೆ. ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಮ್ಯಾಪ್ ಎಂಬ ಹೊಸ ಸಂಗ್ರಹಾಲಯ ತೆರೆದಿದೆ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತು ಮೊದಲಿನಿಂದಲೂ ಇದ್ದೇ ಇದೆ. ಸೋಮವಾರ ಹೊರಡಬೇಡಿ, ಇಂಥ ಕಡೆ ಬಾಗಿಲು ಹಾಕಿರುವುದೇ ಹೆಚ್ಚು. ಮಕ್ಕಳನ್ನು ಕರೆದುಕೊಂಡು ಹೋಗಿ. "ಇದರ ಅರ್ಥ ಏನು?" ಎಂದು ಮೊದಲೇ ಕೇಳಬೇಡಿ. ಇದು ಯಾವುದರಿಂದ ಆಗಿದೆ, ಆ ಪದಾರ್ಥ ನಮ್ಮ ಮನೆಯಲ್ಲಿ ಎಲ್ಲಿದೆ, ಅದನ್ನು ದಿನಾ ಯಾರು ಮುಟ್ಟುತ್ತಾರೆ, ಮಾಡಲು ಎಷ್ಟು ಹೊತ್ತು ಹಿಡಿದಿರಬಹುದು, ಈ ನಾಲ್ಕು ಪ್ರಶ್ನೆ ಕೇಳಿ. ಅರ್ಥ ತಾನಾಗಿ ಹಿಂದೆ ಬರುತ್ತದೆ. ಬಾರದಿದ್ದರೂ ನಷ್ಟವಿಲ್ಲ. ಎಲ್ಲ ರಂಗೋಲಿಗೂ ಅರ್ಥ ಕೇಳುತ್ತೇವೆಯೆ?

ಮನೆಯಲ್ಲಿ ಹಳೇ ಒಳಕಲ್ಲಿದ್ದರೆ ಬೀದಿಗೆ ಹಾಕುವ ಮುನ್ನ, ಅದರಲ್ಲಿ ರುಬ್ಬಿದವರು ಬದುಕಿದ್ದರೆ ಅವರನ್ನು ಕೇಳಿ. ಯಾವ ವರ್ಷ ತಂದದ್ದು, ಯಾರು ತಂದದ್ದು, ಎಷ್ಟು ಜನರ ಮನೆ, ಎಷ್ಟು ವರ್ಷ ರುಬ್ಬಿದರು, ಒಂದು ಹಾಳೆಯಲ್ಲಿ ಬರೆದು ತಾರೀಖು ಹಾಕಿ ಇಡಿ. ಕಲ್ಲನ್ನು ಉಪಯೋಗಿಸುವ ಮನಸ್ಸಿದ್ದರೆ, ಬಹಳ ದಿನ ಹೊರಗಿದ್ದ ಕಲ್ಲನ್ನು ಚೆನ್ನಾಗಿ ತೊಳೆದು, ಒಂದೆರಡು ಹಿಡಿ ಅಕ್ಕಿಯನ್ನು ನೀರು ಹಾಕಿ ರುಬ್ಬಿ ಚೆಲ್ಲಿ. ಕಲ್ಲಿನ ಪುಡಿ ಬರುವುದು ನಿಲ್ಲುವವರೆಗೆ ಹೀಗೆ ಮಾಡಬೇಕು. ನುಣುಪಾಗಿ ಜಾರುತ್ತಿದ್ದರೆ ಉಳಿಯಿಂದ ಕುಟ್ಟಿಸಬೇಕು, ಕುಟ್ಟುವವರು ಈಗ ಹಳ್ಳಿ ಕಡೆ ಸಂತೆಗಳಲ್ಲಿ ಸಿಕ್ಕಾರು.

ಹಬ್ಬಕ್ಕೊಂದು ದಿನ, ಬೇಕೆನಿಸಿದಾಗ, ಹುಚ್ಚೆಳ್ಳು ಚಟ್ನಿ ರುಬ್ಬಿ. ಒಂದು ಬಟ್ಟಲು ಹುಚ್ಚೆಳ್ಳನ್ನು ಸಣ್ಣ ಉರಿಯಲ್ಲಿ ಚಟಪಟ ಅನ್ನುವವರೆಗೆ ಹುರಿದುಕೊಳ್ಳಿ. ಆರು ಒಣಮೆಣಸಿನಕಾಯಿಯನ್ನು ಬೇರೆ ಹುರಿಯಿರಿ. ಅದಕ್ಕೆ ಎಂಟು ಎಸಳು ಬೆಳ್ಳುಳ್ಳಿ, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಸ್ವಲ್ಪ ಒಣಕೊಬ್ಬರಿ, ಚೂರು ಬೆಲ್ಲ, ರುಚಿಗೆ ಉಪ್ಪು. ಮೊದಲು ಮೆಣಸಿನಕಾಯಿ-ಉಪ್ಪು ಅರೆದು, ಆಮೇಲೆ ಉಳಿದದ್ದು ಹಾಕಿ, ನೀರು ಚಿಮುಕಿಸುತ್ತಾ ತರಿತರಿಯಾಗಿ ರುಬ್ಬಿ. ರಾಗಿರೊಟ್ಟಿಗೆ ಬಲು ಸೊಗಸು. ಆದರೆ ಒಂದು ಷರತ್ತು. ಆ ದಿನ ಗುಂಡು ತಿರುಗಿಸುವವರು ಮನೆಯ ಗಂಡಸರಾಗಲಿ. ಹತ್ತು ನಿಮಿಷ ತಿರುಗಿಸಿದ ಮೇಲೆ ಈ ಲೇಖನವನ್ನು ಅವರ ಕೈಗೆ ಕೊಡಿ.

ನಿಮ್ಮ ಮನೆಯ ಒಳಕಲ್ಲು ಈಗ ಎಲ್ಲಿದೆ? ಅದರಲ್ಲಿ ರುಬ್ಬಿದವರು ಯಾರು, ಎಷ್ಟು ವರ್ಷ? ಒಂದು ಕಾಗದ ಬರೆದು ತಿಳಿಸಿ. ಲೆಕ್ಕ ಹಾಕಿ ಕಳಿಸಿದರೆ ಇನ್ನೂ ಒಳ್ಳೆಯದು. ಬಂದ ಕಾಗದಗಳನ್ನು ಮುಂದೊಂದು ಸಂಚಿಕೆಯಲ್ಲಿ ಈ ಪುಟದಲ್ಲೇ ಹಂಚಿಕೊಳ್ಳೋಣ. ಬರೆಯುವಾಗ ರುಬ್ಬಿದವರ ಹೆಸರನ್ನು ಬಿಡಬೇಡಿ.